ಶ್ರೀ ಶಾಂತವೇರಿ ಗೋಪಾಲಗೌಡ: ವಿರೋಧ ಪಕ್ಷದ ಸಾಲಿನಿಂದ ಗೇಣಿದಾರರ ಪರವಾಗಿ

ಪೀಠಿಕೆ

ಜಮೀನಿನ ಪಹಣಿ ಪತ್ರಿಕೆಯನ್ನು ಪಡೆಯುವ ನಾಗರಿಕರು ಸಾಮಾನ್ಯವಾಗಿ ಮೊದಲು ನೋಡುವುದು 9ನೇ ಕಾಲಂ ಅನ್ನು. ಸ್ವಾಧೀನದಾರರ ಹೆಸರು ದಾಖಲಾಗುವುದು ಅಲ್ಲಿ. ಸಾಗುವಳಿ ಮಾಡುವವರ ವಿವರ 12ನೇ ಕಾಲಂನಲ್ಲಿರುತ್ತದೆ. ಮಲೆನಾಡು, ಕರಾವಳಿ ಹಾಗೂ ರಾಜ್ಯದ ಇತರ ಭಾಗಗಳ ಲಕ್ಷಾಂತರ ಕುಟುಂಬಗಳ ಹೆಸರು ಸಾಗುವಳಿದಾರರ ಕಾಲಂನಿಂದ ಸ್ವಾಧೀನದಾರರ ಕಾಲಂಗೆ ಬಂದದ್ದು ಭೂ ನ್ಯಾಯ ಮಂಡಳಿಗಳ ಆದೇಶದ ಮೂಲಕ. ಆ ಆದೇಶಗಳಿಗೆ ಆಧಾರವಾದದ್ದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ ಕಾಯಿದೆ.

ಈ ಕಾಯಿದೆಯನ್ನು ತಂದ ಸರ್ಕಾರದ ಮುಖ್ಯಮಂತ್ರಿ ಶ್ರೀ ಡಿ. ದೇವರಾಜ ಅರಸು ಅವರು. ಆದರೆ ಉಳುವವನಿಗೇ ಭೂಮಿ ಸೇರಬೇಕೆಂಬ ಬೇಡಿಕೆಯನ್ನು ಅದಕ್ಕೂ ಎರಡು ದಶಕಗಳ ಹಿಂದೆಯೇ ವಿಧಾನಸಭೆಗೆ ಕೊಂಡೊಯ್ದವರಲ್ಲಿ ಪ್ರಮುಖರು ಶಿವಮೊಗ್ಗ ಜಿಲ್ಲೆಯ ಶ್ರೀ ಶಾಂತವೇರಿ ಗೋಪಾಲಗೌಡರು. ಅವರು ಎಂದೂ ಮಂತ್ರಿಯಾಗಲಿಲ್ಲ. ಅವರ ಪಕ್ಷ ರಾಜ್ಯದಲ್ಲಿ ಎಂದೂ ಅಧಿಕಾರಕ್ಕೆ ಬರಲಿಲ್ಲ. ಶಾಸನ ಪುಸ್ತಕದಲ್ಲಿ ಅವರ ಹೆಸರಿನ ಕಾಯಿದೆ ಯಾವುದೂ ಇಲ್ಲ. ಆದಾಗ್ಯೂ ರಾಜ್ಯದ ಭೂ ದಾಖಲೆಗಳ ಇತಿಹಾಸವನ್ನು ಅವರನ್ನು ಬಿಟ್ಟು ಹೇಳಲಾಗುವುದಿಲ್ಲ. ಸಾರ್ವಜನಿಕರ ತಿಳುವಳಿಕೆಗಾಗಿ ಅವರ ಜೀವನ ಮತ್ತು ಶಾಸಕಾಂಗ ಕಾರ್ಯದ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾರ್ಥಿ ಜೀವನ

ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗ ಗ್ರಾಮದಲ್ಲಿ ಜನಿಸಿದರು. ಆರಗದ ಸಮೀಪದ ಶಾಂತವೇರಿ ಎಂಬ ಊರಿನ ಹೆಸರು ಅವರ ಹೆಸರಿನೊಂದಿಗೆ ಸೇರಿಕೊಂಡಿತು. ಅಡಿಕೆ ತೋಟ, ಭತ್ತದ ಗದ್ದೆ ಮತ್ತು ಕಾಡು ಒಂದಕ್ಕೊಂದು ಹೊಂದಿಕೊಂಡಿರುವ ಈ ಪ್ರದೇಶದಲ್ಲಿ ಭೂಮಿಯ ಒಡೆತನ ಕೆಲವೇ ಮನೆತನಗಳ ಕೈಯಲ್ಲಿದ್ದು, ಉಳುಮೆಯ ಕೆಲಸ ಬಹುತೇಕ ಗೇಣಿದಾರರದ್ದಾಗಿತ್ತು. ಗೌಡರು ಬಾಲ್ಯದಿಂದಲೇ ಕಂಡದ್ದು ಈ ವ್ಯವಸ್ಥೆಯನ್ನು.

1942ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾದಾಗ ಅವರು ಇನ್ನೂ ವಿದ್ಯಾರ್ಥಿ. ಚಳವಳಿಯಲ್ಲಿ ಭಾಗವಹಿಸಿ ಸೆರೆವಾಸ ಅನುಭವಿಸಿದರು. ಮುಂದೆ ಸಮಾಜವಾದಿ ವಿಚಾರಗಳತ್ತ ಒಲಿದ ಅವರು ಶ್ರೀ ಜಯಪ್ರಕಾಶ ನಾರಾಯಣ ಮತ್ತು ಡಾ. ರಾಮಮನೋಹರ ಲೋಹಿಯಾ ಅವರ ಚಿಂತನೆಯಿಂದ ಪ್ರಭಾವಿತರಾದರು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದಾಗ ಗೌಡರು ಸಮಾಜವಾದಿ ಪಕ್ಷದ ಪೂರ್ಣಾವಧಿ ಕಾರ್ಯಕರ್ತರಾಗಿ ಮಲೆನಾಡಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಪಕ್ಷಕ್ಕೆ ಹಣಬಲವಿರಲಿಲ್ಲ. ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ಗೇಣಿದಾರರ ಕಷ್ಟಗಳನ್ನು ಕೇಳಿ ತಿಳಿದದ್ದು ಅವರ ಮುಂದಿನ ಶಾಸಕಾಂಗ ಕಾರ್ಯಕ್ಕೆ ಸಿದ್ಧತೆಯಾಯಿತು.

ಗೇಣಿ ಪದ್ಧತಿ ಮತ್ತು ಕೊಳಗದ ಲೆಕ್ಕ

ಗೌಡರ ಜೀವನಕಾರ್ಯವನ್ನು ಅರಿಯಲು ಆ ಕಾಲದ ಗೇಣಿ ಪದ್ಧತಿಯನ್ನು ತಿಳಿಯುವುದು ಅವಶ್ಯಕ. ಮೂಲಗೇಣಿ ಎಂಬ ಶಾಶ್ವತ ಗೇಣಿಯ ಹಕ್ಕುಳ್ಳವರು ಕಡಿಮೆ. ಹೆಚ್ಚಿನವರು ಚಾಲಗೇಣಿದಾರರು. ಎಂದರೆ, ಒಡೆಯರು ಬಿಡಲು ಹೇಳಿದ ದಿನ ಗದ್ದೆ ಬಿಡಬೇಕಾದವರು. ಬಹುಪಾಲು ಗೇಣಿ ಕರಾರು ಬಾಯಿಮಾತಿನದ್ದಾಗಿತ್ತು. ಕೊಟ್ಟ ಗೇಣಿಗೆ ರಸೀದಿ ಸಿಗುವುದು ಅಪರೂಪ. ರಸೀದಿ ಇಲ್ಲದಿದ್ದಾಗ ತಾನು ಎಷ್ಟು ವರ್ಷದಿಂದ ಆ ಗದ್ದೆ ಉಳುತ್ತಿದ್ದೇನೆಂಬುದನ್ನು ಕಛೇರಿಯಲ್ಲಿ ರುಜುವಾತು ಪಡಿಸಲು ರೈತನಲ್ಲಿ ಯಾವ ಕಾಗದವೂ ಇರುತ್ತಿರಲಿಲ್ಲ.

ಗೇಣಿಯನ್ನು ಭತ್ತದ ರೂಪದಲ್ಲಿ ಕೊಳಗದಿಂದ ಅಳೆದು ಕೊಡಲಾಗುತ್ತಿತ್ತು. ಸಾಗರ ಸೀಮೆಯ ಗೇಣಿದಾರರ ಮುಖ್ಯ ದೂರು ಈ ಕೊಳಗದ ಬಗ್ಗೆಯೇ ಇತ್ತು. ಒಡೆಯರ ಮನೆಯಲ್ಲಿ ಗೇಣಿ ಅಳೆಯುವ ಕೊಳಗ ಸಾಮಾನ್ಯ ಕೊಳಗಕ್ಕಿಂತ ದೊಡ್ಡದೆಂಬುದು ಅವರ ಆಕ್ಷೇಪ. ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮೂರು ಸೇರಿನ ಕೊಳಗದ ಬದಲಿಗೆ ನಾಲ್ಕು ಸೇರಿನ ಕೊಳಗವನ್ನು ಬಳಸಿದರೆ, ನೂರು ಕೊಳಗ ಗೇಣಿ ಕೊಡಬೇಕಾದ ರೈತ 300 ಸೇರಿಗೆ ಬದಲಾಗಿ 400 ಸೇರು ಕೊಟ್ಟಂತಾಗುತ್ತದೆ. ಕರಾರಿನಲ್ಲಿ ನೂರು ಕೊಳಗ ಎಂಬ ಸಂಖ್ಯೆ ಬದಲಾಗುವುದಿಲ್ಲ. ಗೇಣಿ ಮಾತ್ರ ಮೂರನೇ ಒಂದು ಭಾಗದಷ್ಟು ಏರಿರುತ್ತದೆ. ಲೆಕ್ಕ ಸರಿಯಾಗಿಯೇ ಇದ್ದು ಅಳತೆ ತಪ್ಪಿದಾಗ ಉಂಟಾಗುವ ಅನ್ಯಾಯ ಇಂತಹದು. ಅದನ್ನು ಪ್ರಶ್ನಿಸಿದವನಿಗೆ ಮುಂದಿನ ವರ್ಷ ಗದ್ದೆ ಉಳಿಯುವ ಭರವಸೆ ಇರಲಿಲ್ಲ.

ಕಾಗೋಡು ಸತ್ಯಾಗ್ರಹ

ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದ ಗೇಣಿದಾರರು, ಬಹುಪಾಲು ದೀವರ ಸಮುದಾಯದವರು, ಶ್ರೀ ಹೆಚ್. ಗಣಪತಿಯಪ್ಪ ಅವರ ಮುಂದಾಳತ್ವದ ರೈತ ಸಂಘದ ಮೂಲಕ ನ್ಯಾಯವಾದ ಅಳತೆ, ಗೇಣಿಗೆ ರಸೀದಿ ಮತ್ತು ಉಳುಮೆಯ ಭದ್ರತೆಗಾಗಿ ಸಂಘಟಿತರಾದರು. ಮಾತುಕತೆಗಳು ಫಲಿಸದೆ, ಗೇಣಿದಾರರನ್ನು ಗದ್ದೆಗಳಿಂದ ಬಿಡಿಸಿದಾಗ, 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ನೇಗಿಲು ಹಿಡಿದು ತಾವು ಉಳುತ್ತಿದ್ದ ಗದ್ದೆಗಳಿಗೆ ಇಳಿದು ಬಂಧನಕ್ಕೊಳಗಾಗುವುದು ಸತ್ಯಾಗ್ರಹದ ಕ್ರಮವಾಗಿತ್ತು.

ಸಮಾಜವಾದಿ ಪಕ್ಷ ಈ ಹೋರಾಟದ ಬೆಂಬಲಕ್ಕೆ ನಿಂತಿತು. ಪಕ್ಷದ ಪರವಾಗಿ ಅದನ್ನು ಸಂಘಟಿಸಿದವರಲ್ಲಿ ಗೋಪಾಲಗೌಡರು ಅಗ್ರಗಣ್ಯರು. 1951ರ ಜೂನ್ ತಿಂಗಳಲ್ಲಿ ಡಾ. ಲೋಹಿಯಾ ಅವರು ಸ್ವತಃ ಕಾಗೋಡಿಗೆ ಬಂದು ರೈತರೊಂದಿಗೆ ಸತ್ಯಾಗ್ರಹದಲ್ಲಿ ಪಾಲ್ಗೊಂಡರು. ಸಾಗರದಲ್ಲಿ ಅವರ ಬಂಧನವಾದ ನಂತರ ಒಂದು ಸಣ್ಣ ಗ್ರಾಮದ ಗೇಣಿ ತಕರಾರು ದೇಶದ ಗಮನ ಸೆಳೆಯಿತು. ಸ್ವತಂತ್ರ ಭಾರತದಲ್ಲಿ ಭೂಮಿಯ ಹಕ್ಕಿಗಾಗಿ ನಡೆದ ಮೊದಲ ಸತ್ಯಾಗ್ರಹಗಳಲ್ಲಿ ಕಾಗೋಡಿನದು ಒಂದೆಂದು ಪರಿಗಣಿಸಲಾಗಿದೆ.

ಸತ್ಯಾಗ್ರಹದಿಂದ ರೈತರಿಗೆ ಕೂಡಲೇ ಭೂಮಿ ದೊರೆಯಲಿಲ್ಲ. ಹೋರಾಟದಿಂದ ವಿಷಯ ಬೆಳಕಿಗೆ ಬಂದರೂ ಹಕ್ಕು ಸಿಗಬೇಕಾದರೆ ಕಾನೂನು ಬೇಕು, ಕಾನೂನಿಗೆ ಶಾಸನಸಭೆ ಬೇಕು. ಗೌಡರು ಗದ್ದೆಯಿಂದ ಸದನದ ಕಡೆಗೆ ನಡೆದದ್ದು ಈ ಕಾರಣದಿಂದ.

1952ರ ಚುನಾವಣೆ

ಸಾರ್ವತ್ರಿಕ ವಯಸ್ಕ ಮತದಾನದ ಆಧಾರದ ಮೇಲೆ ನಡೆದ ಮೊದಲ ಮಹಾಚುನಾವಣೆಯಲ್ಲಿ ಗೌಡರು ಸಾಗರ–ಹೊಸನಗರ ಭಾಗದಿಂದ ಮೈಸೂರು ವಿಧಾನಸಭೆಗೆ ಸ್ಪರ್ಧಿಸಿದರು. ಅವರಿಗೆ ಇನ್ನೂ 30 ವರ್ಷ ತುಂಬಿರಲಿಲ್ಲ. ಚುನಾವಣೆಯ ವೆಚ್ಚಕ್ಕೆ ಸ್ವಂತ ಹಣವಾಗಲಿ, ಪಕ್ಷದ ಹಣವಾಗಲಿ ಇರಲಿಲ್ಲ. ಮತ ಕೇಳಲು ಹೋದ ಅಭ್ಯರ್ಥಿಗೆ ಮತದಾರರೇ ಒಂದು ಮತದ ಜೊತೆಗೆ ಒಂದು ನೋಟನ್ನೂ ಕೊಟ್ಟು ಗೆಲ್ಲಿಸಿದರೆಂಬುದು ಮಲೆನಾಡಿನಲ್ಲಿ ಇಂದಿಗೂ ನೆನಪಿರುವ ಸಂಗತಿ.

ಇದೇ ಚುನಾವಣೆಯಲ್ಲಿ ಕಾಗೋಡಿನ ಭೂಮಾಲೀಕರಾಗಿದ್ದ ಶ್ರೀ ಕೆ.ಜಿ. ಒಡೆಯರ್ ಅವರು ಕಾಂಗ್ರೆಸ್ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದ ಲೋಕಸಭಾ ಸದಸ್ಯರಾಗಿ ಆಯ್ಕೆಯಾದರು. ಗೇಣಿದಾರರ ಪರ ನಿಂತವರು ಬೆಂಗಳೂರಿನ ಶಾಸನಸಭೆಗೂ, ಒಡೆಯರು ದೆಹಲಿಯ ಸಂಸತ್ತಿಗೂ ಒಂದೇ ಚುನಾವಣೆಯಲ್ಲಿ ಆರಿಸಿ ಹೋದದ್ದು ಆ ಕಾಲದ ಸಮಾಜದ ಸ್ಥಿತಿಯನ್ನು ತಿಳಿಸುತ್ತದೆ.

ಅಂದಿನ ಮೈಸೂರು ವಿಧಾನಸಭೆಯ ಸ್ಥಾನಗಳ ಸಂಖ್ಯೆ 99. ಅದರಲ್ಲಿ ಕಾಂಗ್ರೆಸ್ 74 ಸ್ಥಾನಗಳನ್ನು ಪಡೆದಿತ್ತು. ಸಮಾಜವಾದಿ ಪಕ್ಷಕ್ಕೆ ದೊರೆತದ್ದು 3 ಸ್ಥಾನಗಳು. ಮತಕ್ಕೆ ಹಾಕಿದ ಯಾವ ವಿಷಯದಲ್ಲೂ ಈ ಮೂವರು ಗೆಲ್ಲುವ ಸಂಭವವಿರಲಿಲ್ಲ.

ಸಂಖ್ಯಾಬಲವಿಲ್ಲದ ಸದಸ್ಯರ ಸಾಧನಗಳು

ಮಂತ್ರಿಯಲ್ಲದ, ಆಡಳಿತ ಪಕ್ಷಕ್ಕೂ ಸೇರದ ಸದಸ್ಯರು ಸದನದಲ್ಲಿ ಏನು ಮಾಡಬಲ್ಲರು ಎಂಬ ಪ್ರಶ್ನೆ ನಾಗರಿಕರಲ್ಲಿ ಮೂಡುವುದು ಸಹಜ. ಶಾಸನಸಭೆಯ ನಿಯಮಗಳು ಅಂತಹ ಸದಸ್ಯರಿಗೂ ಕೆಲವು ಸಾಧನಗಳನ್ನು ಒದಗಿಸಿವೆ. ಅವುಗಳಲ್ಲಿ ಮುಖ್ಯವಾದವು ಈ ಕೆಳಗಿನಂತಿವೆ.

1. ಪ್ರಶ್ನೋತ್ತರ ಕಲಾಪ: ಯಾವುದೇ ಇಲಾಖೆಯ ಕಾರ್ಯದ ಬಗ್ಗೆ ಸದಸ್ಯರು ಪ್ರಶ್ನೆ ಕಳುಹಿಸಬಹುದು. ಸಂಬಂಧಪಟ್ಟ ಮಂತ್ರಿಗಳು ಉತ್ತರ ನೀಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿಯೇ ಉತ್ತರ ದೊರೆಯುವುದರಿಂದ ಉಪಪ್ರಶ್ನೆಗಳನ್ನು ಕೇಳಲು ಅವಕಾಶವಿದೆ. ಉತ್ತರ ಸಿದ್ಧಪಡಿಸಲು ಇಲಾಖೆಯು ಜಿಲ್ಲೆ ಮತ್ತು ತಾಲ್ಲೂಕುಗಳಿಂದ ಅಂಕಿ ಅಂಶ ತರಿಸಬೇಕಾಗುತ್ತದೆ. ಕೇಳುವವರಿಲ್ಲದೆ ಕಡತದಲ್ಲಿ ಉಳಿದಿದ್ದ ವಿಷಯ ಈ ರೀತಿ ಹೊರಗೆ ಬರುತ್ತದೆ.

2. ರಾಜ್ಯಪಾಲರ ಭಾಷಣದ ಮೇಲಿನ ಚರ್ಚೆ: ಸರ್ಕಾರದ ಒಟ್ಟು ನೀತಿಯ ಬಗ್ಗೆ ಮಾತನಾಡಲು ಇದು ಅವಕಾಶ. ಭಾಷಣದಲ್ಲಿ ಏನಿದೆ ಎಂಬುದರಷ್ಟೇ ಏನನ್ನು ಬಿಡಲಾಗಿದೆ ಎಂಬುದನ್ನೂ ಸದಸ್ಯರು ಎತ್ತಿ ತೋರಿಸಬಹುದು.

3. ಆಯವ್ಯಯ ಮತ್ತು ಕಡಿತ ಸೂಚನೆ: ಇಲಾಖೆಯ ಅನುದಾನದ ಬೇಡಿಕೆ ಮತಕ್ಕೆ ಬಂದಾಗ ಅದನ್ನು ನಾಮಮಾತ್ರದ ಮೊತ್ತದಿಂದ ಕಡಿತಗೊಳಿಸಬೇಕೆಂದು ಸದಸ್ಯರು ಸೂಚನೆ ನೀಡಬಹುದು. ಹಣ ಕಡಿಮೆ ಮಾಡುವುದು ಇದರ ಉದ್ದೇಶವಲ್ಲ. ಆ ಇಲಾಖೆಯ ಒಂದು ನಿರ್ದಿಷ್ಟ ಲೋಪವನ್ನು ಚರ್ಚೆಗೆ ತರುವುದು ಇದರ ಉದ್ದೇಶ.

4. ಮಸೂದೆಗಳ ಮೇಲಿನ ತಿದ್ದುಪಡಿ: ಪ್ರತಿಯೊಂದು ಖಂಡಕ್ಕೂ ತಿದ್ದುಪಡಿ ಸೂಚಿಸುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗಿದೆ. ತಿದ್ದುಪಡಿ ಬಿದ್ದು ಹೋದರೂ ಅದರ ಪಠ್ಯ ನಡವಳಿಯಲ್ಲಿ ಉಳಿಯುತ್ತದೆ.

ಗೌಡರು ಸದನಕ್ಕೆ ಕಾಲಿಟ್ಟಾಗ ಅವರ ಕೈಯಲ್ಲಿದ್ದದ್ದು ಇವಿಷ್ಟೇ. ಸೋಲು ನಿಶ್ಚಿತವೆಂದು ತಿಳಿದಿದ್ದರೂ ವಿಷಯವನ್ನು ನಡವಳಿಯಲ್ಲಿ ದಾಖಲಿಸುತ್ತಾ ಹೋಗುವುದು ಅವರ ಕಾರ್ಯವಿಧಾನವಾಗಿತ್ತು. ಮಲೆನಾಡಿನ ಗದ್ದೆಯ ಅನುಭವವನ್ನು ಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಮಂಡಿಸಿದ ಅವರ ಮಾತಿಗೆ ಆಡಳಿತ ಪಕ್ಷದ ಸದಸ್ಯರೂ ಕಿವಿಗೊಡುತ್ತಿದ್ದರು. ಅವರ ಸದನ ಭಾಷಣಗಳು ಮುಂದೆ ಪುಸ್ತಕ ರೂಪದಲ್ಲಿಯೂ ಪ್ರಕಟಗೊಂಡವು.

ಮೊದಲ ಅವಧಿ: ಗೇಣಿ ಕಾನೂನು ಮತ್ತು ಏಕೀಕರಣ

1952ರಿಂದ 1956ರವರೆಗೆ ಶ್ರೀ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿದ್ದರು. ಅವರ ಸಂಪುಟದಲ್ಲಿ ಕಂದಾಯ ಖಾತೆಯನ್ನು ನಿರ್ವಹಿಸಿದ ಶ್ರೀ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಗೇಣಿದಾರರ ರಕ್ಷಣೆಗಾಗಿ ಮತ್ತು ಇನಾಂ ಪದ್ಧತಿಯ ರದ್ದತಿಗಾಗಿ ಶಾಸನ ರೂಪಿಸುವಲ್ಲಿ ಮಂಜಪ್ಪನವರ ಪಾತ್ರ ಹಿರಿದು. 1954ರ ಇನಾಂ ರದ್ದಿಯಾತಿ ಕಾಯಿದೆ ಈ ಕಾಲದ್ದು. ಒಂದೇ ತಾಲ್ಲೂಕಿನ ಇಬ್ಬರಲ್ಲಿ ಒಬ್ಬರು ಮಂತ್ರಿಯ ಸ್ಥಾನದಿಂದ ಸಾಧ್ಯವಾದಷ್ಟನ್ನು ಕಾನೂನಿಗೆ ತರುತ್ತಿದ್ದರೆ, ಇನ್ನೊಬ್ಬರು ಎದುರು ಸಾಲಿನಿಂದ ಅದು ಸಾಲದೆಂದು ವಾದಿಸುತ್ತಿದ್ದರು. ಗೇಣಿಯ ಪ್ರಮಾಣವನ್ನು ಇಳಿಸುವುದರಿಂದ ಮಾತ್ರ ಸಮಸ್ಯೆ ಬಗೆಹರಿಯದು, ಒಡೆತನವೇ ಉಳುವವನಿಗೆ ವರ್ಗಾವಣೆಯಾಗಬೇಕು ಎಂಬುದು ಗೌಡರ ನಿಲುವಾಗಿತ್ತು.

ಈ ಅವಧಿಯ ಇನ್ನೊಂದು ಮಹತ್ವದ ವಿಷಯ ಕರ್ನಾಟಕದ ಏಕೀಕರಣ. 1953ರ ಡಿಸೆಂಬರ್‌ನಲ್ಲಿ ನೇಮಕಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್‌ನಲ್ಲಿ ವರದಿ ನೀಡಿತು. ಹಳೆಯ ಮೈಸೂರಿನ ಹಲವು ಮುಖಂಡರಿಗೆ ಏಕೀಕರಣದ ಬಗ್ಗೆ ಅಳುಕಿತ್ತು. ಅಭಿವೃದ್ಧಿಯಲ್ಲಿ ಹಿಂದುಳಿದ ಪ್ರದೇಶಗಳು ಸೇರಿದರೆ ಮೈಸೂರಿನ ಬೊಕ್ಕಸಕ್ಕೆ ಭಾರವಾಗುತ್ತದೆ, ರಾಜಕೀಯ ಪ್ರಾಬಲ್ಯ ತಪ್ಪುತ್ತದೆ ಎಂಬುದು ಅವರ ಚಿಂತೆ. ಗೌಡರೂ ಹಳೆಯ ಮೈಸೂರಿನವರೇ ಆಗಿದ್ದರೂ ಈ ವಾದವನ್ನು ಒಪ್ಪದೆ ಕನ್ನಡ ನಾಡೆಲ್ಲ ಒಂದಾಗಬೇಕೆಂಬ ಪಕ್ಷಕ್ಕೆ ಸದನದಲ್ಲಿ ದೃಢವಾಗಿ ನಿಂತರು. ಈ ವಿಷಯದಲ್ಲಿ ಮುಖ್ಯಮಂತ್ರಿಗಳ ನಿಲುವೂ ಏಕೀಕರಣದ ಪರವಾಗಿಯೇ ಇತ್ತು. ಸರ್ಕಾರ ಸರಿಯಾದ ದಾರಿಯಲ್ಲಿದ್ದಾಗ ವಿರೋಧ ಪಕ್ಷದವರೆಂಬ ಕಾರಣಕ್ಕೆ ಗೌಡರು ಅದನ್ನು ವಿರೋಧಿಸಲಿಲ್ಲ ಎಂಬುದನ್ನು ಗಮನಿಸಬೇಕು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಆದರೆ ಹೊಸ ರಾಜ್ಯಕ್ಕೆ ಹಳೆಯ ಹೆಸರೇ ಉಳಿಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಬೇಕೆಂಬ ಬೇಡಿಕೆಯನ್ನು ಗೌಡರು ಬಿಡದೆ ಮುಂದುವರಿಸಿದರು.

ಸೋಲು ಮತ್ತು ಸದನದ ಹೊರಗಿನ ಐದು ವರ್ಷ

1955–56ರಲ್ಲಿ ಸಮಾಜವಾದಿಗಳಲ್ಲಿ ಒಡಕುಂಟಾಗಿ ಡಾ. ಲೋಹಿಯಾ ಅವರು ಪ್ರತ್ಯೇಕ ಪಕ್ಷವನ್ನು ಕಟ್ಟಿದಾಗ ಗೌಡರು ಅವರೊಂದಿಗೆ ಹೋದರು. 1957ರ ಚುನಾವಣೆಯಲ್ಲಿ ಸೋಲುಂಟಾಯಿತು. ಹೀಗಾಗಿ 1957ರಿಂದ 1962ರವರೆಗೆ ಅವರು ವಿಧಾನಸಭೆಯಲ್ಲಿ ಇರಲಿಲ್ಲ.

ಅವರು ಹೊರಗಿದ್ದ ಇದೇ ಅವಧಿಯಲ್ಲಿ ಅವರ ಜೀವನದ ಮುಖ್ಯ ವಿಷಯ ಸದನದ ಮುಂದೆ ಬಂದಿತು. ಏಕೀಕರಣದ ನಂತರ ಹಳೆಯ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದ್ ಮತ್ತು ಕೊಡಗು ಪ್ರದೇಶಗಳಲ್ಲಿ ಬೇರೆ ಬೇರೆ ಗೇಣಿ ಕಾನೂನುಗಳು ಜಾರಿಯಲ್ಲಿದ್ದುದರಿಂದ ಏಕರೂಪದ ಕಾಯಿದೆ ಅಗತ್ಯವಾಗಿತ್ತು. ಶ್ರೀ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯ ಸಮಿತಿ ಈ ಬಗ್ಗೆ ವರದಿ ನೀಡಿತು. ಅದರ ಆಧಾರದ ಮೇಲೆ 1961ರ ಮೈಸೂರು ಭೂ ಸುಧಾರಣಾ ಕಾಯಿದೆ ರೂಪುಗೊಂಡಿತು. ಅದು ಜಾರಿಗೆ ಬಂದದ್ದು ಮಾತ್ರ 1965ರ ಅಕ್ಟೋಬರ್ 2ರಂದು.

ಈ ಕಾಯಿದೆ ಗೇಣಿಗೆ ಮಿತಿ ಹಾಕಿತು, ಭೂಮಿಯ ಒಡೆತನಕ್ಕೆ ಗರಿಷ್ಠ ಮಿತಿ ನಿಗದಿಪಡಿಸಿತು. ಆದರೆ ಸ್ವಂತ ಸಾಗುವಳಿಗಾಗಿ ಜಮೀನನ್ನು ಗೇಣಿದಾರನಿಂದ ಹಿಂಪಡೆಯುವ ಹಕ್ಕನ್ನು ಭೂಮಾಲೀಕರಿಗೆ ನೀಡಿತ್ತು. ಕಾಯಿದೆಯ ರಚನೆಗೂ ಜಾರಿಗೂ ನಡುವೆ ಉಂಟಾದ ಅಂತರವೂ ಮಾಲೀಕರಿಗೆ ಅನುಕೂಲವಾಯಿತು. ಬಾಯಿಮಾತಿನ ಗೇಣಿದಾರರು ದಾಖಲೆಯಿಲ್ಲದೆ ರಕ್ಷಣೆಯಿಂದ ಹೊರಗುಳಿದರು. ಹಕ್ಕು ಕಾಯಿದೆಯಲ್ಲಿದ್ದರೂ ಪಹಣಿಯಲ್ಲಿ ಹೆಸರಿಲ್ಲದವನಿಗೆ ಅದು ತಲುಪುವ ಮಾರ್ಗವಿರಲಿಲ್ಲ.

ಎರಡನೆಯ ಮತ್ತು ಮೂರನೆಯ ಅವಧಿ

1962ರಲ್ಲಿ ಗೌಡರು ತೀರ್ಥಹಳ್ಳಿ ಕ್ಷೇತ್ರದಿಂದ ಗೆದ್ದು ಸದನಕ್ಕೆ ಮರಳಿದರು. 208 ಸ್ಥಾನಗಳ ಆ ಸದನದಲ್ಲಿ ಕಾಂಗ್ರೆಸ್ಸಿನ ಬಲ 138. ಲೋಹಿಯಾ ಅವರ ಸಮಾಜವಾದಿ ಪಕ್ಷದ ಹೆಸರಿನಲ್ಲಿ ಗೆದ್ದು ಬಂದವರು ಗೌಡರೊಬ್ಬರೇ. ಪಕ್ಷದ ನಾಯಕರೂ ಅವರೇ, ಸಚೇತಕರೂ ಅವರೇ, ಸದಸ್ಯರೂ ಅವರೇ ಎಂಬ ಸ್ಥಿತಿ. ಸದನದಲ್ಲಿ ಮಾತನಾಡಲು ಸಮಯವನ್ನು ಪಕ್ಷಗಳ ಬಲಕ್ಕೆ ಅನುಗುಣವಾಗಿ ಹಂಚುವುದು ರೂಢಿಯಾದುದರಿಂದ ಒಬ್ಬನೇ ಸದಸ್ಯನಿರುವ ಪಕ್ಷಕ್ಕೆ ದೊರೆಯುವ ನಿಮಿಷಗಳು ಕಡಿಮೆ. ಆ ಕೆಲವೇ ನಿಮಿಷಗಳನ್ನು ವ್ಯರ್ಥಮಾಡದೆ ಬಳಸಿದ್ದರಿಂದಲೇ ಅವರು ಸದನದ ಗಮನಾರ್ಹ ಸದಸ್ಯರಲ್ಲೊಬ್ಬರೆನಿಸಿದರು.

ಈ ಅವಧಿಯಲ್ಲಿ, 1963ರಲ್ಲಿ, ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಘೋಷಿಸುವ ರಾಜ್ಯ ಭಾಷಾ ಕಾಯಿದೆ ಅಂಗೀಕಾರವಾಯಿತು. ಗೌಡರಿಗೆ ಭಾಷೆಯ ಪ್ರಶ್ನೆ ಗೇಣಿಯ ಪ್ರಶ್ನೆಯಿಂದ ಬೇರೆಯಾಗಿರಲಿಲ್ಲ. ರೈತನ ಹಕ್ಕು ಬಾಧ್ಯತೆಗಳನ್ನು ತೀರ್ಮಾನಿಸುವ ಕಾಗದ ಅವನು ಓದಲಾರದ ಭಾಷೆಯಲ್ಲಿದ್ದರೆ ಅದು ಅಳತೆ ತಿಳಿಯದ ಕೊಳಗಕ್ಕೆ ಸಮ. ಸರ್ಕಾರ ಜನರೊಡನೆ ಜನರ ಭಾಷೆಯಲ್ಲಿಯೇ ವ್ಯವಹರಿಸಬೇಕೆಂಬ ಲೋಹಿಯಾ ಅವರ ನಿಲುವನ್ನು ಅವರು ಕರ್ನಾಟಕದ ಸಂದರ್ಭದಲ್ಲಿ ಪ್ರತಿಪಾದಿಸಿದರು.

1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಅವರು ತೀರ್ಥಹಳ್ಳಿಯಲ್ಲಿ ಪುನಃ ಆಯ್ಕೆಯಾದರು. ಈ ಸಲ 216 ಸ್ಥಾನಗಳ ಸದನದಲ್ಲಿ ಪಕ್ಷದ ಬಲ 6ಕ್ಕೆ ಏರಿತು. ಅದೇ ವರ್ಷ ಅವರ ಸಂಗಾತಿಯಾಗಿದ್ದ ಶ್ರೀ ಜೆ.ಹೆಚ್. ಪಟೇಲ್ ಅವರು ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೊಸ ಪರಂಪರೆಗೆ ನಾಂದಿ ಹಾಡಿದರು. 1971ರ ಏಪ್ರಿಲ್‌ನಲ್ಲಿ ವಿಧಾನಸಭೆ ವಿಸರ್ಜನೆಗೊಂಡು ಗೌಡರ ಮೂರನೆಯ ಅವಧಿ ಮುಗಿಯಿತು.

ಕೊನೆಯ ದಿನಗಳು

ಕೊನೆಯ ವರ್ಷಗಳಲ್ಲಿ ಗೌಡರ ಆರೋಗ್ಯ ಕೆಟ್ಟಿತ್ತು. 1972ರ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ಗೆದ್ದದ್ದು 3 ಸ್ಥಾನಗಳನ್ನು. ತೀರ್ಥಹಳ್ಳಿಯಿಂದ ಶ್ರೀ ಕೋಣಂದೂರು ಲಿಂಗಪ್ಪ, ಸಾಗರದಿಂದ ಶ್ರೀ ಕಾಗೋಡು ತಿಮ್ಮಪ್ಪ ಮತ್ತು ಸೊರಬದಿಂದ ಶ್ರೀ ಎಸ್. ಬಂಗಾರಪ್ಪ ಆಯ್ಕೆಯಾದರು. ಮೂವರೂ ಗೌಡರ ಪ್ರಭಾವದಲ್ಲಿ ಬೆಳೆದವರು. 1972ರ ಮಾರ್ಚ್ 20ರಂದು ಶ್ರೀ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿ ಅಧಿಕಾರ ವಹಿಸಿಕೊಂಡರು. ಮೂರು ತಿಂಗಳು ತುಂಬುವ ಮೊದಲೇ, 1972ರ ಜೂನ್ 9ರಂದು, ಗೋಪಾಲಗೌಡರು ನಿಧನರಾದರು. ಆಗ ಅವರ ವಯಸ್ಸು 49. ಮೂರು ಬಾರಿ ಶಾಸಕರಾಗಿದ್ದರೂ ಅವರು ಆಸ್ತಿ ಸಂಪಾದಿಸಿರಲಿಲ್ಲ.

ಅವರು ಬಯಸಿದ ಎರಡು ಮುಖ್ಯ ವಿಷಯಗಳು ಅವರ ಮರಣಾನಂತರ ಎರಡು ವರ್ಷಗಳೊಳಗೆ ಕೈಗೂಡಿದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. 1974ರ ಮಾರ್ಚ್ 1ರಂದು ಭೂ ಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. ಎರಡನ್ನೂ ನೋಡಲು ಅವರಿರಲಿಲ್ಲ.

1974ರ ತಿದ್ದುಪಡಿ ಮತ್ತು ಅದರ ಫಲ

ತಿದ್ದುಪಡಿ ಕಾಯಿದೆ ಹಿಂದಿನ ಕಾನೂನಿನ ಮುಖ್ಯ ನ್ಯೂನತೆಗಳನ್ನು ಸರಿಪಡಿಸಿತು. ಗೇಣಿಯಲ್ಲಿದ್ದ ಜಮೀನುಗಳೆಲ್ಲವೂ 1974ರ ಮಾರ್ಚ್ 1ರಿಂದ ಸರ್ಕಾರದಲ್ಲಿ ನಿಹಿತವಾದವು. ಸ್ವಂತ ಸಾಗುವಳಿಯ ನೆಪದಲ್ಲಿ ಹಿಂಪಡೆಯುವ ಸಾಮಾನ್ಯ ಹಕ್ಕು ರದ್ದಾಯಿತು. ಸೈನಿಕರು ಮತ್ತು ನಾವಿಕರಂತಹವರಿಗೆ ಮಾತ್ರ ಸೀಮಿತ ವಿನಾಯಿತಿ ಉಳಿಯಿತು. ಗೇಣಿದಾರರು ನಮೂನೆ 7ರಲ್ಲಿ ಘೋಷಣೆ ಸಲ್ಲಿಸಬೇಕಾಗಿತ್ತು. ಅದನ್ನು ವಿಚಾರಣೆ ಮಾಡಲು ಸಹಾಯಕ ಆಯುಕ್ತರ ಅಧ್ಯಕ್ಷತೆಯಲ್ಲಿ, ಸರ್ಕಾರ ನಾಮಕರಣ ಮಾಡಿದ ಸದಸ್ಯರನ್ನೊಳಗೊಂಡ ಭೂ ನ್ಯಾಯ ಮಂಡಳಿಗಳನ್ನು ರಚಿಸಲಾಯಿತು. ಆರಂಭದಲ್ಲಿ ಮಂಡಳಿಯ ಮುಂದೆ ವಕೀಲರ ಹಾಜರಿಗೆ ಅವಕಾಶವಿರಲಿಲ್ಲ. ಬಡ ಗೇಣಿದಾರರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲಿ, ಖರ್ಚಿನ ಭಾರ ತಪ್ಪಲಿ ಎಂಬುದು ಇದರ ಉದ್ದೇಶವಾಗಿತ್ತು. ರಸೀದಿ ಇಲ್ಲದವರೂ ಅಕ್ಕಪಕ್ಕದ ಸಾಗುವಳಿದಾರರ ಸಾಕ್ಷ್ಯದಿಂದ ತಮ್ಮ ಉಳುಮೆಯನ್ನು ತೋರಿಸಿಕೊಡಲು ಅವಕಾಶವಾಯಿತು.

ಘೋಷಣೆ ಸಲ್ಲಿಸಲು ಕೊನೆಯ ದಿನಾಂಕವನ್ನು ಹಲವು ಬಾರಿ ವಿಸ್ತರಿಸಿ ಅಂತಿಮವಾಗಿ 1979ರ ಜೂನ್ 30ಕ್ಕೆ ನಿಗದಿಪಡಿಸಲಾಯಿತು. ರಾಜ್ಯಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅಧಿಭೋಗದ ಹಕ್ಕು ಮಂಜೂರಾದವರಿಗೆ ನಮೂನೆ 10ರಲ್ಲಿ ಪ್ರಮಾಣ ಪತ್ರ ನೀಡಲಾಯಿತು. ಅನೇಕ ಅರ್ಜಿಗಳು ತಿರಸ್ಕೃತವಾದವು, ಹಲವು ಪ್ರಕರಣಗಳು ದೀರ್ಘಕಾಲ ನ್ಯಾಯಾಲಯಗಳಲ್ಲಿ ಉಳಿದವು. ಆದರೂ ಚಾಲಗೇಣಿ ಎಂಬ ಪದ್ಧತಿ ಮಲೆನಾಡಿನ ಗದ್ದೆಗಳಿಂದ ಬಹುಮಟ್ಟಿಗೆ ಮರೆಯಾದದ್ದು ಈ ಕಾಯಿದೆಯಿಂದ.

ಗೌಡರೊಂದಿಗೆ ಬೆಳೆದವರಲ್ಲಿ ಹಲವರು ಮುಂದೆ ಅಧಿಕಾರ ಸ್ಥಾನಗಳನ್ನು ಏರಿದರು. ಶ್ರೀ ಬಂಗಾರಪ್ಪ ಅವರು 1990ರಲ್ಲಿಯೂ, ಶ್ರೀ ಜೆ.ಹೆಚ್. ಪಟೇಲ್ ಅವರು 1996ರಲ್ಲಿಯೂ ಮುಖ್ಯಮಂತ್ರಿಗಳಾದರು. ಸತ್ಯಾಗ್ರಹ ನಡೆದ ಕಾಗೋಡಿನವರೇ ಆದ ಶ್ರೀ ಕಾಗೋಡು ತಿಮ್ಮಪ್ಪ ಅವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷರಾಗಿ, 2016ರಲ್ಲಿ ಕಂದಾಯ ಸಚಿವರಾಗಿ ಕಾರ್ಯನಿರ್ವಹಿಸಿದರು. ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸಿಸುವವರಿಗೇ ಮನೆಯ ಹಕ್ಕು ನೀಡುವ ತಿದ್ದುಪಡಿ ಅವರ ಕಾಲದಲ್ಲಿ ಭೂ ಸುಧಾರಣಾ ಕಾಯಿದೆಗೆ ಸೇರ್ಪಡೆಯಾಯಿತು. ಕೊಳಗದ ಅಳತೆಯನ್ನು ಪ್ರಶ್ನಿಸಿದ ಊರಿನಿಂದಲೇ ಕಂದಾಯ ಇಲಾಖೆಗೆ ಒಬ್ಬ ಸಚಿವರು ಬಂದಂತಾಯಿತು.

ಸ್ಮರಣೆ

ಗೌಡರಿಗೆ ಸಾಹಿತ್ಯ ಮತ್ತು ಸಂಗೀತದಲ್ಲಿ ಆಳವಾದ ಆಸಕ್ತಿಯಿತ್ತು. ಕವಿ ಗೋಪಾಲಕೃಷ್ಣ ಅಡಿಗರು, ಡಾ. ಯು.ಆರ್. ಅನಂತಮೂರ್ತಿ ಮೊದಲಾದ ಲೇಖಕರೊಡನೆ ಅವರಿಗೆ ಒಡನಾಟವಿತ್ತು. 1978ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ಅವಸ್ಥೆ ಕಾದಂಬರಿಗೆ ಗೌಡರ ಜೀವನವೇ ಪ್ರೇರಣೆಯೆಂದು ಹೇಳಲಾಗುತ್ತದೆ. ಕಾದಂಬರಿಯ ಪಾತ್ರಕ್ಕೂ ನಿಜ ಜೀವನಕ್ಕೂ ವ್ಯತ್ಯಾಸಗಳಿವೆ ಎಂಬುದನ್ನು ಓದುಗರು ಮರೆಯಬಾರದು.

ಶಿವಮೊಗ್ಗ ನಗರದ ಒಂದು ಬಡಾವಣೆಗೆ ಮತ್ತು ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪದ ವೃತ್ತಕ್ಕೆ ಅವರ ಹೆಸರನ್ನು ಇಡಲಾಗಿದೆ. ಸದನದ ಒಳಗೆ ಹಿಂದಿನ ಸಾಲಿನಲ್ಲಿ ಕುಳಿತು ಮತದಾನದಲ್ಲಿ ಮತ್ತೆ ಮತ್ತೆ ಸೋತ ಸದಸ್ಯರ ಹೆಸರನ್ನು, ಆ ಸೌಧಕ್ಕೆ ಅರ್ಜಿ ಹಿಡಿದು ಬರುವ ಜನರು ಹಾದಿಯಲ್ಲಿಯೇ ಕಾಣುತ್ತಾರೆ.

ಬಹುಮತವಿಲ್ಲದವರು ಸದನದಲ್ಲಿ ಕೇಳಿದ ಪ್ರಶ್ನೆಯೂ ಕಾಲಕ್ರಮದಲ್ಲಿ ಕಾನೂನಾಗಬಲ್ಲದು ಎಂಬುದಕ್ಕೆ ಶ್ರೀ ಶಾಂತವೇರಿ ಗೋಪಾಲಗೌಡರ ಜೀವನ ನಿದರ್ಶನ. ಅದೇ ರೀತಿ, ಕಾನೂನು ನೀಡಿದ ಹಕ್ಕು ದಾಖಲೆಯಲ್ಲಿ ನಮೂದಾಗದಿದ್ದರೆ ಅದು ಪೂರ್ಣಗೊಳ್ಳುವುದಿಲ್ಲ ಎಂಬುದನ್ನು ಗೇಣಿದಾರರ ಇತಿಹಾಸ ತಿಳಿಸುತ್ತದೆ. ಭೂ ನ್ಯಾಯ ಮಂಡಳಿಯ ಆದೇಶದ ಮೂಲಕ ಜಮೀನು ಪಡೆದ ಕುಟುಂಬದವರು ಆದೇಶದ ಪ್ರತಿ ಹಾಗೂ ನಮೂನೆ 10ರ ಪ್ರಮಾಣ ಪತ್ರವನ್ನು ಜೋಪಾನವಾಗಿಟ್ಟುಕೊಳ್ಳುವುದು, ಪಹಣಿ ಮತ್ತು ಹಕ್ಕು ಬದಲಾವಣೆ ದಾಖಲೆಗಳಲ್ಲಿ ತಮ್ಮ ಹೆಸರು ಸರಿಯಾಗಿ ನಮೂದಾಗಿದೆಯೇ ಎಂದು ಪರಿಶೀಲಿಸಿಕೊಳ್ಳುವುದು ಒಳಿತು. ರಸೀದಿಯಿಲ್ಲದೆ ಗೇಣಿ ಅಳೆದುಕೊಟ್ಟ ತಲೆಮಾರಿನವರಿಗೆ ಅಂತಹ ಒಂದು ಕಾಗದವೂ ಇರಲಿಲ್ಲ.